ಹತ್ತು ಆವೃತ್ತಿ ಸಾಕು

ಕಮಲಾಪುರ
೧೬ ಜೂನ್ ೨೦೨೪

ತಮ್ಮ ವಿಶ್ವಾಸನಿಗೆ ಅಕ್ಕನ ಜೈಭೀಮ.

ಇದನ್ನು ಫೋನಿನಲ್ಲಿ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನಾವಿಬ್ಬರೂ ಮೂರನೆಯ ಮಾತಿಗೆ ಜಗಳ ತೆಗೆಯುತ್ತೇವೆ. ಅಪ್ಪ ಇದ್ದಾಗ ನಡುವೆ ಕೂತು ಬಿಡಿಸುತ್ತಿದ್ದ. ಫೆಬ್ರುವರಿಯಿಂದ ಆ ಕೆಲಸಕ್ಕೂ ಯಾರಿಲ್ಲ. ಅದೂ ಅಲ್ಲದೆ ತೂಕದ ಮಾತನ್ನು ಬರೆದು ಕಳಿಸಬೇಕು ಎನ್ನುವುದು ಅವನದೇ ರೂಢಿಯಲ್ಲವೇ? ನಲವತ್ತು ದಾಟಿದ ಮೇಲೆ ರಾತ್ರಿ ಶಾಲೆಯಲ್ಲಿ ಅಕ್ಷರ ಕಲಿತ ಹಮಾಲ, ಮೊದಲ ಕಾರ್ಡು ಬರೆದದ್ದು ನನ್ನ ಹಾಸ್ಟೆಲಿಗೆ. ಅದರಲ್ಲಿದ್ದದ್ದು ಒಂದೇ ಮಾತು: ಉಂಡಿಯೇನು.

ನನ್ನ ಹಳೆಯ ಲ್ಯಾಪ್‌ಟಾಪನ್ನು ಸ್ಟೇಶನ್ ಬಜಾರದ ಅಂಗಡಿಯವನು ಬಿಚ್ಚಿ ನೋಡಿ, ‘ಮೇಡಮ್ಮರ, ಇದರಾಗ ಏನೂ ಉಳದಿಲ್ರಿ, ಡಬ್ಬಿ ಅಷ್ಟ ಅದ’ ಎಂದಾಗ ಅಲ್ಲೇ ಸ್ಟೂಲಿನ ಮೇಲೆ ಕೂತುಬಿಟ್ಟೆ. ಎರಡು ಚಳಿಗಾಲ ಅಪ್ಪ ಹೇಳಿದ್ದು, ನಾನು ಅವನ ಎದುರಿಗೆ ಕೂತು ಹೇಳಿದ ಹಾಗೆಯೇ ಟೈಪು ಮಾಡಿದ್ದು, ಹದಿನೆಂಟು ಅಧ್ಯಾಯ. ಫೋನಿನಲ್ಲಿ ರೆಕಾರ್ಡು ಮಾಡಿಕೊಳ್ಳೋಣ ಎಂದರೆ ಅವನು ಒಪ್ಪಿರಲಿಲ್ಲ. ‘ಅದರ ಮುಂದ ಮಾತಾಡಿದ್ರ ಪೊಲೀಸರ ಮುಂದ ಮಾತಾಡಿದಂಗ ಆಗತದ’ ಎನ್ನುತ್ತಿದ್ದ. ಹಾಗಾಗಿ ಅವನ ದನಿ ನಮ್ಮಲ್ಲಿಲ್ಲ. ಇರುವುದು ಆ ಟೈಪು ಮಾಡಿದ್ದು ಮಾತ್ರ. ನೀನು ಯಾವತ್ತೋ ನನಗೆ ತಿಳಿಯದ ಹಾಗೆ ಅದನ್ನೆಲ್ಲ ನಿಮ್ಮ ಮಿಲ್ಲಿನ ಕಚೇರಿಯ ಬ್ಯಾಕಪ್‌ಗೆ ಜೋಡಿಸಿ ಇಟ್ಟಿದ್ದೆಯಂತೆ. ಹೊಸ ಕಂಪ್ಯೂಟರಿನಲ್ಲಿ ‘ಅಪ್ಪ’ ಎಂಬ ಹೆಸರಿನ ಫೈಲು ತೆರೆದುಕೊಂಡಾಗ ನಾನು ಅತ್ತದ್ದನ್ನು ನಿನ್ನ ಹೆಂಡತಿಗೆ ಹೇಳಬೇಡ, ಮಾಯಾ ನಗುತ್ತಾಳೆ.

ಪುಸ್ತಕದ ಮುನ್ನುಡಿಯ ಕೊನೆಗೆ ಒಂದು ಸಾಲು ಸೇರಿಸಿದ್ದೇನೆ: ‘ಈ ಬರಹ ಉಳಿದದ್ದು ನನ್ನ ತಮ್ಮ ವಿಶ್ವಾಸನಿಂದ.’ ಇದಕ್ಕಿಂತ ನಿಜವಾದ ಸಾಲನ್ನು ಮುನ್ನುಡಿಯಲ್ಲಿ ಬರೆದಿಲ್ಲ.

ಈ ಬ್ಯಾಕಪ್ ಎಂದರೇನು, ಅದು ಎಲ್ಲಿರುತ್ತದೆ, ಎಷ್ಟು ದಿನ ಇರುತ್ತದೆ? ಪದ್ಯ ಓದುವವಳಿಗೆ ತಿಳಿಯುವ ಹಾಗೆ ಬರೆ. ಬಸ್ಸಿನ ಕಂಡಕ್ಟರನ ಕೈಲಿ ಕೆಂಪು ಬಾಳೆಹಣ್ಣು ಕಳಿಸಿದ್ದೇನೆ, ಮೆತ್ತಗಾಗುವ ಮೊದಲೇ ತಿನ್ನಿ.

ನಿನ್ನ ಅಕ್ಕ
ಪಂಚಶೀಲಾ


ಖೂಬಾ ಪ್ಲಾಟ್, ಕಲಬುರಗಿ
೨೫ ಜೂನ್ ೨೦೨೪

ಅಕ್ಕನಿಗೆ ಜೈಭೀಮ.

ಹಣ್ಣು ಮುಟ್ಟಿದವು. ಅತ್ತದ್ದನ್ನು ಮಾಯಾಗೆ ಹೇಳಿದೆ, ನಗಲಿಲ್ಲ.

ಪದ್ಯ ಓದುವವರಿಗೆ ಹೇಳುವುದು ಕಷ್ಟ. ಆದರೂ ಕೇಳು. ನಮ್ಮ ಮಿಲ್ಲಿನ ಆಫೀಸಿನಲ್ಲಿ ಒಂದು ಕರಿ ಪೆಟ್ಟಿಗೆ ಇದೆ. ಎಲ್ಲ ಕಂಪ್ಯೂಟರುಗಳ ನಕಲು ಅದರೊಳಗೆ ಹೋಗಿ ಕೂರುತ್ತದೆ. ನೀನು ಅಲ್ಲಿ ಕಮಲಾಪುರದಲ್ಲಿ ಫೈಲನ್ನು ತಿದ್ದಿ ಸೇವ್ ಮಾಡಿದರೆ ಹೊಸದು ಇಲ್ಲಿಗೆ ಬರುತ್ತದೆ. ಹಳೆಯದು ಹೋಗುವುದಿಲ್ಲ, ಅದರ ಹಿಂದೆ ಹೋಗಿ ನಿಲ್ಲುತ್ತದೆ. ಇನ್ನೊಮ್ಮೆ ಸೇವ್ ಮಾಡಿದರೆ ಎರಡೂ ಒಂದೊಂದು ಹೆಜ್ಜೆ ಹಿಂದೆ. ಹೀಗೆ ಒಂದೇ ಫೈಲಿನ ಸಾಲು ನಿಲ್ಲುತ್ತದೆ. ಒಂದೊಂದಕ್ಕೂ ಆವೃತ್ತಿ ಅನ್ನುತ್ತೇವೆ. ಎಷ್ಟು ಆವೃತ್ತಿ ಇಡಬೇಕು, ಎಷ್ಟಕ್ಕೆ ಕಡೆಯದನ್ನು ಸಾಲಿನಿಂದ ಹೊರಗೆ ಹಾಕಬೇಕು ಎಂದು ನಾವೇ ನಿಯಮ ಹಾಕಬೇಕು. ಆ ನಿಯಮ ಹಾಕುವುದು ನನ್ನ ಕೆಲಸ. ಸದ್ಯಕ್ಕೆ ಎಲ್ಲವನ್ನೂ ಇಡು ಎಂದು ಹಾಕಿದ್ದೇನೆ.

ನಿನ್ನ ಫೈಲಿನ ಮೇಲೆ ಬಲಗಡೆಯ ಗುಂಡಿ ಒತ್ತಿದರೆ ‘ಹಿಂದಿನ ಆವೃತ್ತಿಗಳು’ ಅಂತ ಬರುತ್ತದೆ. ದಿನಾಂಕದ ಸಮೇತ ಪಟ್ಟಿ ಕಾಣುತ್ತದೆ. ಯಾವುದು ಬೇಕೋ ಅದನ್ನು ತೆರೆಯಬಹುದು. ಹೆದರಿಕೆ ಇಲ್ಲ.

ನಾನು ಆರನೆಯ ಅಧ್ಯಾಯದವರೆಗೆ ಓದಿದ್ದೇನೆ. ಅಪ್ಪ ಎದುರಿಗೆ ಕೂತು ಮಾತಾಡಿದಂತೆಯೇ ಇದೆ. ಪ್ರಿಂಟಿಗೆ ಕೊಡುವ ಅವಸರ ಬೇಡ ಅಕ್ಕಾ. ನಿಧಾನವಾಗಿ ಆಗಲಿ.

ನಿನ್ನ ತಮ್ಮ
ವಿಶ್ವಾಸ


ಕಮಲಾಪುರ
೭ ಜುಲೈ ೨೦೨೪

ಪ್ರೀತಿಯ ವಿಶ್ವಾಸನಿಗೆ,

ಸಾಲಿನಲ್ಲಿ ನಿಂತ ಆವೃತ್ತಿಗಳ ಚಿತ್ರ ಮನಸ್ಸಿನಿಂದ ಹೋಗುತ್ತಿಲ್ಲ. ರೇಶನ್ ಅಂಗಡಿಯ ಮುಂದೆ ಅಪ್ಪನೇ ಅಪ್ಪನ ಹಿಂದೆ, ಅವನ ಹಿಂದೆ ಮತ್ತೊಬ್ಬ ಅಪ್ಪ ನಿಂತಂತೆ. ತೀರ ಹಿಂದೆ ನಿಂತವನು ಎಲ್ಲರಿಗಿಂತ ಸಣ್ಣ ವಯಸ್ಸಿನವನು.

ಕಳೆದ ರವಿವಾರ ಕಲಬುರಗಿಗೆ ಬಂದಿದ್ದೆ. ನಿಮ್ಮ ಮನೆಗೆ ಬರಲಿಲ್ಲ, ಸಿಟ್ಟಾಗಬೇಡ. ಸ್ಟೇಶನ್ ಬಜಾರದ ಹಿಂದಿನ ಓಣಿಯಲ್ಲಿ ರೋಷನಬಿಯನ್ನು ಕಂಡು ಹಾಗೇ ತಿರುಗಿ ಬಂದೆ. ಅಪ್ಪನ ಜೊತೆ ಚೀಲ ಹೊರುತ್ತಿದ್ದ ಇಮಾಮುದ್ದೀನ್ ಚಾಚಾನ ಹೆಂಡತಿ. ನೀನು ಆಗ ಸಣ್ಣವನು; ಚಾಚಾ ನಿನ್ನನ್ನು ಹೆಗಲ ಮೇಲೆ ಹೊತ್ತು ತಿರುಗಿದ್ದು ನೆನಪಿರಲಿಕ್ಕಿಲ್ಲ. ರೋಷನಬಿಯ ಕಣ್ಣು ಮಂದವಾಗಿವೆ, ನಾಲಿಗೆ ಆಗಿಲ್ಲ. ನನ್ನನ್ನು ಕೂಡಿಸಿಕೊಂಡು, ‘ಏನ ಬಾಯಿ, ನಿಮ್ಮಪ್ಪನ ಕಿತಾಬು ಬರೂದ್ರೊಳಗ ನಾ ಖಬರಸ್ತಾನಕ್ಕ ಹೋಗ್ಲೇನು?’ ಎಂದಳು. ಹನ್ನೆರಡನೆಯ ಅಧ್ಯಾಯವನ್ನು ತಪ್ಪು ತಿದ್ದಿದ ಮೇಲೆ ಮೊದಲು ಅವಳಿಗೇ ಓದಿ ಹೇಳುತ್ತೇನೆ ಎಂದು ಮಾತು ಕೊಟ್ಟೆ. ಅದಕ್ಕವಳು ನಗಲಿಲ್ಲ. ‘ಸರಕಾರದ ಕಾಗದದಾಗ ಲಾರಿ ಹಾದು ಸತ್ತ ಅಂತ ಅದ. ಲಾರಿ ಹಾದದ್ದ ನೋಡ್ದಾಂವ ಒಬ್ಬನೂ ಇಲ್ಲ. ಎಲ್ಲಿ ಸತ್ತ ಅಂತ ಒಬ್ಬರರ ಬರೀಲಿ’ ಎಂದಳು.

ನೀನು ಇನ್ನೂ ಅಲ್ಲಿಗೆ ಬಂದಿಲ್ಲವಾದ್ದರಿಂದ ಹೇಳುತ್ತೇನೆ. ನಂದೂರಿನ ಆ ಮಿಲ್ಲಿನಲ್ಲಿ, ಈಗ ನೀನು ಕೆಲಸ ಮಾಡುವ ಮಿಲ್ಲಿನಲ್ಲೇ, ಎತ್ತರಕ್ಕೆ ಒಟ್ಟಿದ ತೊಗರಿ ಚೀಲಗಳ ಥಪ್ಪಿ ಕುಸಿದು ಚಾಚಾ ಅದರಡಿಗೆ ಸಿಕ್ಕ. ಪೊಲೀಸರು ಬರುವ ಮೊದಲೇ ದೊಡ್ಡ ಸಾಹುಕಾರರ ಮಾತಿನಂತೆ ಅವನನ್ನು ಗೇಟಿನಾಚೆ ರಸ್ತೆಗೆ ಸಾಗಿಸಿ ಮಲಗಿಸಿದರು. ಎಲ್ಲರೂ ಲಾರಿ ಎಂದರು. ಅಪ್ಪ ಒಬ್ಬನೇ ‘ಒಳಗ’ ಎಂದ. ಅದನ್ನು ಯಾರೂ ಬರೆದುಕೊಳ್ಳಲಿಲ್ಲ. ಮರುದಿನದಿಂದ ಅವನಿಗೆ ಆ ಗೇಟು ತೆರೆಯಲಿಲ್ಲ. ಅಧ್ಯಾಯ ದೊಡ್ಡದಿದೆ, ಯಾರು ಎಲ್ಲಿ ನಿಂತಿದ್ದರು, ಯಾವ ಬಾಗಿಲಿನಿಂದ ಒಯ್ದರು, ಎಲ್ಲ ಇದೆ. ಅಪ್ಪನ ಮಾತಿನ ರುಚಿಗೆ ಮೂರು ಸಾಲು ಇಲ್ಲಿ ಬರೆಯುತ್ತೇನೆ:

‘ಥಪ್ಪಿ ಬಿದ್ದಾಗ ಸಪ್ಪಳ ಆಗ್ಲಿಲ್ಲ, ಧೂಳ ಎದ್ತು. ಆ ಧೂಳಿನ್ಯಾಗ ನಾ ಇಮಾಮುದ್ದೀನನ್ನ ಹೆಸರ ಹಿಡದು ಕರದೆ, ಅಂವ ಓ ಅಂದ. ಓ ಅಂದಾಂವ ಮಿಲ್ಲಿನ ಒಳಗ ಇದ್ದ, ರಸ್ತಾದ ಮ್ಯಾಲ ಇದ್ದಿಲ್ಲ.’

ಮೂವತ್ತು ವರ್ಷ ಪದ್ಯ ಓದಿದವಳು ನಾನು. ಇಂಥ ಸಾಲು ಬರೆಯಲು ನನ್ನಿಂದಾಗಿಲ್ಲ.

ನಿನ್ನ ಅಕ್ಕ
ಪಂಚಶೀಲಾ


ಖೂಬಾ ಪ್ಲಾಟ್, ಕಲಬುರಗಿ
೨೯ ಸೆಪ್ಟೆಂಬರ್ ೨೦೨೪

ಅಕ್ಕನಿಗೆ ಜೈಭೀಮ.

ಉತ್ತರ ತಡವಾಯಿತು. ಮಿಲ್ಲಿನಲ್ಲಿ ಕೆಲಸ ಬಹಳ. ಮಾಯಾಗೆ ಜ್ವರ ಬಂದು ಹೋಯಿತು, ಈಗ ಆರಾಮ.

ಒಂದು ವಿಷಯ ತಿಳಿಸಬೇಕಿತ್ತು. ಆಫೀಸಿನ ಪೆಟ್ಟಿಗೆ ತುಂಬಿದೆ. ಎಲ್ಲರ ಫೈಲುಗಳ ಹಳೆಯ ಆವೃತ್ತಿ ಕೂಡಿ ಕೂಡಿ ಜಾಗವಿಲ್ಲ. ಹಾಗಾಗಿ ನಿಯಮ ಬದಲಿಸಬೇಕಾಗಿದೆ. ಇನ್ನು ಮುಂದೆ ಪ್ರತಿ ಫೈಲಿನ ಇತ್ತೀಚಿನ ಹತ್ತು ಆವೃತ್ತಿ ಮಾತ್ರ ಇಡುವುದು. ಹನ್ನೊಂದನೆಯದು ಬಂದರೆ ಎಲ್ಲಕ್ಕಿಂತ ಹಳೆಯದು ತಾನೇ ಹೋಗುತ್ತದೆ. ನಿನ್ನ ಫೈಲು ಚಿಕ್ಕದು, ಆದರೆ ನಿಯಮ ಎಲ್ಲಕ್ಕೂ ಒಂದೇ. ನಿನಗೆ ಅಭ್ಯಂತರವಿದ್ದರೆ ತಿಳಿಸು.

ಈಗ ಮಿಲ್ಲು ನಡೆಸುವ ಗುರುಪ್ರಸಾದ ಸಾಹುಕಾರರು ಅಪ್ಪನ ಪುಸ್ತಕದ ಬಗ್ಗೆ ಕೇಳಿದರು. ಅಪ್ಪನ ಹೆಸರು ಅವರಿಗೆ ನೆನಪಿದೆ.

ವಿಶ್ವಾಸ


ಕಮಲಾಪುರ
೪ ಅಕ್ಟೋಬರ್ ೨೦೨೪

ಪ್ರೀತಿಯ ವಿಶ್ವಾಸ,

ಹತ್ತಿರ ಹತ್ತಿರ ಮೂರು ತಿಂಗಳಾದ ಮೇಲೆ ಬಂದ ಪತ್ರದಲ್ಲಿ ಪೆಟ್ಟಿಗೆಯ ಸುದ್ದಿಯೇ ಹೆಚ್ಚು, ಮಾಯಾನ ಜ್ವರ ಒಂದೇ ಸಾಲು. ಇರಲಿ. ನೀನು ಹನ್ನೆರಡನೆಯ ಅಧ್ಯಾಯ ಓದಿದೆಯೋ ಇಲ್ಲವೋ ಎಂದು ಬರೆಯಲೇ ಇಲ್ಲ. ಓದಿ ಅತ್ತಿರಬೇಕು, ಅದಕ್ಕೇ ಸುಮ್ಮನಿದ್ದೀಯ ಎಂದುಕೊಂಡೆ. ಅಪ್ಪನಂತೆಯೇ ನೀನು, ನೋವಾದಾಗ ಬೇರೆ ಯಾವುದೋ ಕೆಲಸದ ಮಾತು ತೆಗೆಯುತ್ತೀಯ.

ಹತ್ತು ಆವೃತ್ತಿ ಸಾಕು. ಧಾರಾಳವಾಗಿ ಸಾಕು. ನನ್ನನ್ನು ಕೇಳಿದರೆ ಒಂದೇ ಸಾಕು. ಪದ್ಯ ಮುಗಿದ ಮೇಲೆ ಅದರ ಹಳೆಯ ಕರಡುಗಳನ್ನು ಹರಿದು ಹಾಕಬೇಕು ಎನ್ನುವವಳು ನಾನು. ಕಾಟು ಹಾಕಿದ ಸಾಲುಗಳು ಹಾಗೇ ಉಳಿದರೆ ಹೊಸ ಸಾಲು ಗಟ್ಟಿಯಾಗಿ ನಿಲ್ಲುವುದಿಲ್ಲ. ಎಲ್ಲವನ್ನೂ ಇಟ್ಟುಕೊಳ್ಳುವುದು ನೆನಪಲ್ಲ, ಅಡಗೂಲಜ್ಜಿಯ ಗಂಟು. ಆಯ್ದು ಬಿಡುವುದೇ ನೆನಪು. ಪಾಠ ಮಾಡುವವಳ ಚಟ, ಕೇಳದಿದ್ದರೂ ಹೇಳಿಬಿಡುತ್ತೇನೆ.

ಗುರುಪ್ರಸಾದರು ಕೇಳಿದ್ದು ಒಳ್ಳೆಯದಾಯಿತು. ಮಗನಾದವನಿಗೆ ತನ್ನ ಅಪ್ಪ ಮಾಡಿದ್ದು ತಿಳಿಯಲಿ. ಪುಸ್ತಕ ಬಂದ ಮೇಲೆ ಒಂದು ಪ್ರತಿ ನಾನೇ ಕೊಡುತ್ತೇನೆ.

ನಿನ್ನ ಅಕ್ಕ
ಪಂಚಶೀಲಾ


ಖೂಬಾ ಪ್ಲಾಟ್, ಕಲಬುರಗಿ
೧೦ ನವೆಂಬರ್ ೨೦೨೪

ಅಕ್ಕನಿಗೆ ಜೈಭೀಮ.

ಪ್ರಿಂಟಿನವನನ್ನು ಕಂಡು ಮಾತಾಡಿದೆ. ನೀನು ಟೈಪು ಮಾಡಿದ್ದು ಹಳೆಯ ಫಾಂಟಿನಲ್ಲಿ, ಅದು ಅವನ ಕಂಪ್ಯೂಟರಿನಲ್ಲಿ ತೆರೆಯುವುದಿಲ್ಲ. ಹಾಗಾಗಿ ನಾನೇ ಹೊಸ ಫಾಂಟಿಗೆ ಬದಲಿಸಿದ್ದೇನೆ. ಅದೇ ಫೈಲು, ಅದೇ ಹೆಸರು. ಬದಲಿಸುವಾಗ ಅಲ್ಲಲ್ಲಿ ಒತ್ತಕ್ಷರ ಕಿತ್ತುಹೋಗಿವೆ, ಅರ್ಕಾವತ್ತು ಪಕ್ಕದ ಅಕ್ಷರಕ್ಕೆ ಹಾರಿವೆ. ಅದನ್ನು ನೀನೇ ತಿದ್ದಬೇಕು. ನಿನ್ನಷ್ಟು ಚೆನ್ನಾಗಿ ಯಾರೂ ತಿದ್ದಲಾರರು.

ಒಂದೇ ದಿನ ಕೂತು ಮುಗಿಸಬೇಡ, ಕಣ್ಣು ತಪ್ಪುತ್ತದೆ. ಪರೀಕ್ಷೆಯ ಉತ್ತರಪತ್ರಿಕೆ ತಿದ್ದುವ ಹಾಗೆ ಮೊದಲಿನಿಂದ ಸಾಲಾಗಿ ಬಾ. ದಿನಕ್ಕೊಂದು ಅಧ್ಯಾಯ. ಪ್ರತಿ ದಿನ ಮುಗಿದ ಮೇಲೆ ಮರೆಯದೆ ಸೇವ್ ಮಾಡು.

ವಿಶ್ವಾಸ


ಕಮಲಾಪುರ
೨೪ ನವೆಂಬರ್ ೨೦೨೪

ಪ್ರೀತಿಯ ವಿಶ್ವಾಸ,

ಇವತ್ತಿಗೆ ಒಂಬತ್ತನೆಯ ಅಧ್ಯಾಯ ಮುಗಿಯಿತು. ನೀನು ಹೇಳಿದ ಹಾಗೆಯೇ ಮಾಡುತ್ತಿದ್ದೇನೆ. ಕಾಲೇಜಿನಿಂದ ಬಂದು, ಮುಖ ತೊಳೆದು, ಚಹಾ ಮುಂದಿಟ್ಟುಕೊಂಡು ಒಂದು ಅಧ್ಯಾಯ. ಮುಂದಿನದನ್ನು ಇಣುಕಿಯೂ ನೋಡುವುದಿಲ್ಲ. ನನ್ನ ಸ್ವಭಾವ ನಿನಗೆ ಗೊತ್ತು, ಉತ್ತರಪತ್ರಿಕೆಯ ಕಟ್ಟಿನಲ್ಲಿ ನಡುವಿನದನ್ನು ಎಳೆದು ತೆಗೆದವಳಲ್ಲ ನಾನು. ಸೇವ್ ಒತ್ತುವಾಗ ಪ್ರತಿ ದಿನ ಒಂದು ಬಗೆಯ ಸಮಾಧಾನವಾಗುತ್ತದೆ. ಅಪ್ಪನಿಗೆ ರಾತ್ರಿ ಹೊದಿಕೆ ಹೊದಿಸಿ ಬರುತ್ತಿದ್ದೆನಲ್ಲ, ಹಾಗೆ.

ಇನ್ನು ಎರಡು ದಿನ ಕಳೆದರೆ ಹನ್ನೆರಡನೆಯದು. ರೋಷನಬಿಗೆ ಮುಂದಿನ ರವಿವಾರ ಬರುತ್ತೇನೆ ಎಂದು ಹೇಳಿ ಕಳಿಸಿದ್ದೇನೆ. ನೀನೂ ಬಾ. ಮೂವರೂ ಕೂತು ಓದೋಣ.

ಅಕ್ಕ


ಕಮಲಾಪುರ
೨೭ ನವೆಂಬರ್ ೨೦೨೪

ವಿಶ್ವಾಸ,

ಇದು ಮುಟ್ಟಿದ ಕೂಡಲೇ ನೋಡು. ಹನ್ನೊಂದನೆಯ ಅಧ್ಯಾಯದ ನಂತರ ಬರುವುದು ಅಪ್ಪ ರಾತ್ರಿ ಶಾಲೆ ಸೇರಿದ್ದು. ಅದು ಹದಿಮೂರನೆಯದು. ಈಗ ಅದರ ತಲೆಯ ಮೇಲೆ ಹನ್ನೆರಡು ಎಂದು ಇದೆ. ನಡುವಿನದು ಇಲ್ಲವೇ ಇಲ್ಲ. ಫಾಂಟು ಬದಲಿಸುವಾಗ ನುಂಗಿಕೊಂಡಿರಬೇಕು. ಒತ್ತಕ್ಷರವನ್ನೇ ಕಿತ್ತ ಯಂತ್ರ ಅಧ್ಯಾಯವನ್ನೂ ಕಿತ್ತಿರಬಹುದು.

ಹೆದರಿಕೆ ಇಲ್ಲ ಎಂದು ನೀನೇ ಬರೆದಿದ್ದೆ. ಬದಲಿಸುವ ಮೊದಲಿನ ಆವೃತ್ತಿಯನ್ನು ತೆಗೆದು ಕೊಡು. ಮೂರು ಸಲ ಫೋನ್ ಮಾಡಿದೆ, ನೀನು ಎತ್ತಲಿಲ್ಲ. ರವಿವಾರ ರೋಷನಬಿ ಕಾಯುತ್ತಾಳೆ.

ಅಕ್ಕ


ಕಮಲಾಪುರ
೨೯ ಡಿಸೆಂಬರ್ ೨೦೨೪

ವಿಶ್ವಾಸ,

ಒಂದು ತಿಂಗಳು ನಿನ್ನ ಉತ್ತರಕ್ಕೆ ಕಾದೆ. ಕಳೆದ ವಾರ ನಿನ್ನ ಮನೆಗೂ ಬಂದೆ. ಮಾಯಾ ಚಹಾ ಕೊಟ್ಟಳು, ನನ್ನ ಮುಖ ನೋಡಲಿಲ್ಲ. ‘ಅವ್ರು ಮಿಲ್ಲಿಗಿ ಹೋಗ್ಯಾರ್ರಿ ಅಕ್ಕಾರ’ ಎಂದಳು. ನಿನ್ನ ಮೋಟರ್ ಸೈಕಲ್ಲು ಮೆಟ್ಟಿಲ ಕೆಳಗೇ ನಿಂತಿತ್ತು.

ಅದಾದ ಮೇಲೆ ನನಗೆ ಬುದ್ಧಿ ಬಂತು. ನೀನು ಜೂನಿನಲ್ಲಿ ಕಲಿಸಿಕೊಟ್ಟ ಹಾಗೆ ಫೈಲಿನ ಮೇಲೆ ಬಲಗಡೆಯ ಗುಂಡಿ ಒತ್ತಿದೆ. ಹಿಂದಿನ ಆವೃತ್ತಿಗಳ ಪಟ್ಟಿ ಬಂತು. ಹತ್ತು ದಿನಾಂಕಗಳು. ಹತ್ತೂ ನನ್ನವು. ಚಹಾ ಕುಡಿದು ಕೂತು, ಒಂದು ಅಧ್ಯಾಯ ತಿದ್ದಿ, ಹೊದಿಕೆ ಹೊದಿಸಿದಂತೆ ಸೇವ್ ಒತ್ತಿದ ಆ ದಿನಗಳು. ಪ್ರತಿ ದಿನ ಒಂದು ಹೊಸದನ್ನು ಮುಂದೆ ನಿಲ್ಲಿಸಿದೆ, ಪ್ರತಿ ದಿನ ಸಾಲಿನ ಕೊನೆಯಲ್ಲಿ ನಿಂತವನೊಬ್ಬ ಹೊರಗೆ ಬಿದ್ದ. ಹನ್ನೆರಡನೆಯದಕ್ಕೆ ನಾನು ಬಂದು ಮುಟ್ಟುವ ಹೊತ್ತಿಗೆ ಅದಿದ್ದ ಕೊನೆಯ ಆವೃತ್ತಿಯೂ ಹೋಗಿತ್ತು. ನಾನೇ ತಳ್ಳಿದ್ದೆ.

ಕ್ರಮ ತಪ್ಪಿ ಓದುವವಳಲ್ಲ ಎಂದು ನಿನಗೆ ಗೊತ್ತಿತ್ತು. ಅದಕ್ಕೇ ಮೊದಲಿನಿಂದ ಸಾಲಾಗಿ ಬಾ ಎಂದೆ. ದಿನಕ್ಕೊಂದು ಎಂದೆ. ಮರೆಯದೆ ಸೇವ್ ಮಾಡು ಎಂದೆ. ಅಳಿಸುವುದಷ್ಟೇ ಆಗಿದ್ದರೆ ನೀನೇ ಒಂದು ಗುಂಡಿ ಒತ್ತಿ ಮುಗಿಸಬಹುದಿತ್ತು. ನನ್ನ ಕೈಯಿಂದ ಏಕೆ ಮಾಡಿಸಿದೆ?

ಇದು ನನ್ನ ತಪ್ಪು ತಿಳಿವಳಿಕೆ ಎಂದು ಒಂದು ಸಾಲು ಬರೆ. ನಂಬುತ್ತೇನೆ.

ಪಂಚಶೀಲಾ


ಖೂಬಾ ಪ್ಲಾಟ್, ಕಲಬುರಗಿ
೧೨ ಜನವರಿ ೨೦೨೫

ಅಕ್ಕಾ,

ತಪ್ಪು ತಿಳಿವಳಿಕೆ ಅಲ್ಲ.

ಮನೆಯಲ್ಲೇ ಇದ್ದೆ. ಒಳಗಿನ ಕೋಣೆಯಲ್ಲಿ ನಿನ್ನ ಮಾತು ಕೇಳಿಸುತ್ತಿತ್ತು. ಹೊರಗೆ ಬರಲಾಗಲಿಲ್ಲ.

ಜೂನಿನಲ್ಲಿ ಆರನೆಯ ಅಧ್ಯಾಯದವರೆಗೆ ಓದಿದ್ದೇನೆ ಎಂದು ಬರೆದದ್ದು ಸುಳ್ಳು. ನಾನು ಮೊದಲು ಓದಿದ್ದೇ ಹನ್ನೆರಡನೆಯದು. ಸೆಪ್ಟೆಂಬರಿನಲ್ಲಿ ಪೆಟ್ಟಿಗೆ ತುಂಬಿದೆ ಎಂದು ಸಾಹುಕಾರರಿಗೆ ತೋರಿಸುತ್ತಿದ್ದೆ, ಅದು ಖರೇ. ಪರದೆಯ ಮೇಲೆ ‘ಅಪ್ಪ’ ಎಂಬ ಹೆಸರು ಬಂತು. ಇದೇನು ಎಂದು ಕೇಳಿದರು. ಹೇಳಿದೆ. ನಕ್ಕು, ‘ಹಂಗಾರ ನಮ್ಮಪ್ಪನೂ ಅದರಾಗ ಬಂದಿರಬೇಕಲ್ಲಪಾ ವಿಶ್ವಾಸ. ಛಾಪಿಸಿದ ಮ್ಯಾಲ ಓದಾಕ ಕೊಡು’ ಎಂದರು. ಅಷ್ಟೇ. ತೆಗೆ ಎಂದು ಹೇಳಲಿಲ್ಲ, ಹೆದರಿಸಲಿಲ್ಲ. ಚಹಾ ತರಿಸಿ ಕೊಟ್ಟರು. ಆ ಚಹಾ ಕುಡಿಯುವುದು ಏನೆಂದು ನಿನಗೆ ತಿಳಿಯುವುದಿಲ್ಲ. ನಿನ್ನದು ಸರಕಾರಿ ನೌಕರಿ. ನಾನು ದಿನಾ ಆ ಗೇಟಿನೊಳಗೆ ಹೋಗಬೇಕು. ಅಪ್ಪನಿಗೆ ತೆರೆಯದ ಗೇಟು ನನಗೆ ತೆರೆದಿದೆ.

ಇನ್ನೊಂದು ಮಾತು. ಇದನ್ನು ಹೇಳಬಾರದು ಎಂದಿದ್ದೆ. ಹೋಗುವ ಮೊದಲು ಆಸ್ಪತ್ರೆಯಲ್ಲಿ ಅಪ್ಪ ನನ್ನನ್ನು ಹತ್ತಿರ ಕರೆದ. ನೀನು ಔಷಧ ತರಲು ಹೋಗಿದ್ದೆ. ‘ಆ ಮಿಲ್ಲಿನ ಕತಿ ತಗದ್‌ಬಿಡೋ. ಪಂಚಶೀಲಾಗ ಹೇಳಬ್ಯಾಡ, ಆಕೀ ವಾದ ಮಾಡ್ತಾಳ. ನಿನ್ನ ಅನ್ನ ಅಲ್ಲೇ ಅದ’ ಎಂದ. ಇದಕ್ಕೆ ಸಾಕ್ಷಿ ಇಲ್ಲ. ನಂಬುವುದು ಬಿಡುವುದು ನಿನಗೆ ಸೇರಿದ್ದು.

ನಿನ್ನ ಕೈಯಿಂದ ಏಕೆ ಮಾಡಿಸಿದೆ ಎಂದು ಕೇಳಿದ್ದೀಯ. ಫಾಂಟು ಬದಲಿಸುವಾಗ ಅಧ್ಯಾಯ ತೆಗೆದವನು ನಾನು. ಆದರೆ ಹಳೆಯ ಆವೃತ್ತಿಗಳನ್ನು ಅಳಿಸು ಎಂಬ ಗುಂಡಿಯ ಮೇಲೆ ಬೆರಳಿಟ್ಟು ಕೂತೆ, ಒತ್ತಲಾಗಲಿಲ್ಲ. ನಿಯಮವೇ ಮಾಡಲಿ ಎಂದು ಬಿಟ್ಟೆ. ನಿಯಮಕ್ಕೆ ನೀನು ಒಪ್ಪಿದ್ದೆ. ಹತ್ತು ಸಾಕು, ಒಂದೇ ಸಾಕು ಎಂದು ನೀನೇ ಬರೆದ ಪತ್ರ ನನ್ನ ಹತ್ತಿರ ಇದೆ.

ವಾರಕ್ಕೊಮ್ಮೆ ಪೆಟ್ಟಿಗೆಯ ಇನ್ನೊಂದು ನಕಲು ತೆಗೆಯುತ್ತೇವೆ, ಅದು ಹಿಂದಿನ ವಾರದ ನಕಲನ್ನು ಅಳಿಸಿಯೇ ಕೂರುತ್ತದೆ. ಹುಡುಕಿದೆ. ಎಲ್ಲಿಯೂ ಇಲ್ಲ.

ವಿಶ್ವಾಸ


ಕಮಲಾಪುರ
೨ ಫೆಬ್ರುವರಿ ೨೦೨೫

ವಿಶ್ವಾಸ,

ಅಪ್ಪ ಹಾಗೆ ಹೇಳಿದ್ದ ಎಂದು ನಂಬುತ್ತೇನೆ. ನಿನಗಾಗಿ ಅವನು ಎಷ್ಟು ಹೆದರಿದ್ದ ಎಂಬುದು ನನಗೆ ಗೊತ್ತು. ನೀನು ಆ ಮಿಲ್ಲಿಗೆ ಸೇರಿದ ದಿನ ಅವನು ಊಟ ಮಾಡಿರಲಿಲ್ಲ. ಆದರೆ ಆ ಮಾತು ಅವನು ಆಡಿದ್ದು ಫೆಬ್ರುವರಿಯಲ್ಲಿ. ನಿನಗೆ ಅದು ನೆನಪಾದದ್ದು ಸೆಪ್ಟೆಂಬರಿನಲ್ಲಿ, ಸಾಹುಕಾರರ ಚಹಾ ಕುಡಿದ ಮೇಲೆ.

ನನಗೆ ಹೇಳಿದ್ದರೆ ನಾನು ಖಂಡಿತ ವಾದ ಮಾಡುತ್ತಿದ್ದೆ. ಆಮೇಲೆ ಎರಡನ್ನೂ ಬರೆಯುತ್ತಿದ್ದೆ. ಕಂಡದ್ದನ್ನು ಹೇಳಿದ ಮಹಾದೇವಪ್ಪ ಒಬ್ಬ, ಮಗನ ಅನ್ನಕ್ಕಾಗಿ ಅದನ್ನು ತೆಗೆ ಎಂದ ಮಹಾದೇವಪ್ಪ ಒಬ್ಬ. ಇಬ್ಬರೂ ನಮ್ಮ ಅಪ್ಪಂದಿರೇ. ನೀನು ಕಡೆಯವನನ್ನು ಮಾತ್ರ ಇಟ್ಟುಕೊಂಡೆ.

ಹತ್ತು ಸಾಕು ಎಂದು ಬರೆದದ್ದು ನಾನೇ. ನನ್ನ ಪದ್ಯದ ಕರಡುಗಳ ಬಗ್ಗೆ ಬರೆದಿದ್ದೆ. ಅದನ್ನು ಅಪ್ಪನಿಗೆ ಅನ್ವಯಿಸಲು ನಿನಗೆ ಯಾರು ಹೇಳಿದರು?

ಕಳೆದ ತಿಂಗಳೆಲ್ಲ ಕೂತು ಆ ಅಧ್ಯಾಯವನ್ನು ನೆನಪಿನಿಂದ ಬರೆದೆ. ಥಪ್ಪಿ, ಗೇಟು, ರಸ್ತೆ, ಯಾರು ಕಾಲು ಹಿಡಿದರು, ಯಾರು ತಲೆ ಹಿಡಿದರು, ಎಲ್ಲ ಬಂತು. ಅಪ್ಪನ ಮಾತು ಮಾತ್ರ ಬರಲಿಲ್ಲ. ಅವನ ದನಿಯಲ್ಲಿ ಬರೆಯಲು ಹೋದರೆ ನಾನು ಅವನನ್ನು ಅಣಕಿಸಿದಂತಾಯಿತು. ಕೊನೆಗೆ ನನ್ನ ಭಾಷೆಯಲ್ಲೇ ಬರೆದು ರೋಷನಬಿಗೆ ಓದಿದೆ. ‘ಧೂಳಿನ ನಡುವಿನಿಂದ ಇಮಾಮುದ್ದೀನರು ಕ್ಷೀಣ ಸ್ವರದಲ್ಲಿ ಉತ್ತರಿಸಿದರು’ ಎಂಬಲ್ಲಿ ತಡೆದಳು. ಕ್ಷೀಣ ಸ್ವರ ಎಂದರೇನು ಎಂದು ಕೇಳಿದಳು. ಹೇಳಿದೆ. ಪೂರ್ತಿ ಕೇಳಿ ಸೆರಗಿನ ಅಂಚು ಹಿಂಡುತ್ತ ಹೇಳಿದಳು:

‘ಚೊಲೊ ಬರದೀ ಬಾಯಿ. ಖರೇ, ಮಹಾದೇವಪ್ಪ ಹೇಳಿದ್ರ ಅದು ಸಾಕ್ಷಿ. ನೀ ಹೇಳಿದ್ರ ಕತಿ. ನೀ ಅಲ್ಲಿ ಇದ್ದಿಲ್ಲಲ್ಲ.’

ಬರೆದದ್ದನ್ನು ಮಡಚಿ ಚೀಲಕ್ಕೆ ಹಾಕಿಕೊಂಡು ಬಂದೆ.

ಈಗ ಒಂದನ್ನು ಮಾತ್ರ ಕೇಳುತ್ತೇನೆ. ಕಳೆದ ಜುಲೈಯಲ್ಲಿ ನಿನಗೆ ಬರೆದ ಪತ್ರದಲ್ಲಿ ಅಪ್ಪನ ಮೂರು ಸಾಲು ಇದ್ದವು. ಟೈಪು ಮಾಡಿದ್ದನ್ನು ಮುಂದಿಟ್ಟುಕೊಂಡು ಅಕ್ಷರಕ್ಕೆ ಅಕ್ಷರ ನೋಡಿ ಬರೆದಿದ್ದೆ. ಬರೆದದ್ದು ನೆನಪಿದೆ, ಸಾಲುಗಳು ಬಾಯಿಗೆ ಬರುತ್ತಿಲ್ಲ. ಪ್ರತಿ ಸಲ ಬೇರೆ ಬೇರೆಯಾಗಿ ಬರುತ್ತವೆ. ನಾನು ಬರೆದ ಪತ್ರಗಳ ನಕಲು ಇಡುವವಳಲ್ಲ. ನೀನು ಕಾಗದ ಎಸೆಯುವವನಲ್ಲ. ಕರೆಂಟಿನ ಹಳೆಯ ಬಿಲ್ಲುಗಳು ಕೂಡ ಟ್ರಂಕಿನಲ್ಲಿವೆ ಎಂದು ಮಾಯಾ ಬೈಯುತ್ತಿರುತ್ತಾಳೆ. ಆ ಪತ್ರ ಕಳಿಸು. ಬೇರೇನೂ ಬರೆಯಬೇಡ.

ಪಂಚಶೀಲಾ


ಕಮಲಾಪುರ
೧೬ ಮಾರ್ಚ್ ೨೦೨೫

ವಿಶ್ವಾಸ,

ನಿನ್ನ ಲಕೋಟೆ ಮುಟ್ಟಿತು. ನಾನು ಕೇಳಿದಂತೆ ಬೇರೇನೂ ಬರೆದಿರಲಿಲ್ಲ. ನನ್ನದೇ ಜುಲೈಯ ಪತ್ರ, ನಾಲ್ಕು ಮಡಿಕೆ. ಮಡಿಕೆಗಳು ಸವೆದಿವೆ. ಒಂದೇ ಸಲ ಓದಿ ಇಟ್ಟ ಕಾಗದ ಹಾಗೆ ಸವೆಯುವುದಿಲ್ಲ. ಅದನ್ನು ಗಮನಿಸಿದ್ದೇನೆ ಎಂದಷ್ಟೇ ತಿಳಿಸುತ್ತೇನೆ. ಕ್ಷಮಿಸಿದ್ದೇನೆ ಎಂದು ಓದಿಕೊಳ್ಳಬೇಡ.

ನಿನ್ನೆ ಅದನ್ನು ರೋಷನಬಿಗೆ ಓದಿದೆ. ‘ಅಂವ ಓ ಅಂದ’ ಎಂಬಲ್ಲಿ ಕೈ ಎತ್ತಿ ನಿಲ್ಲಿಸಿದಳು. ಇನ್ನೊಮ್ಮೆ ಓದಿಸಿದಳು. ‘ಹೂಂ. ಅಂವ ಯಾರ ಕರದ್ರೂ ಹಂಗೇ. ಹಾಂ ಅಂತಿದ್ದಿಲ್ಲ, ಜೀ ಅಂತಿದ್ದಿಲ್ಲ. ಓ ಅಂತಿದ್ದ’ ಎಂದಳು. ಆಮೇಲೆ ಹೇಳಿದ್ದು ನನಗಲ್ಲ, ಗೋಡೆಗೆ: ‘ಮಹಾದೇವಪ್ಪ ಕೇಳ್ಯಾನ.’ ಹೊರಡುವಾಗ, ಉಳಿದದ್ದು ಎಲ್ಲಿ ಎಂದು ಕೇಳಿದಳು. ಉಳಿದಿಲ್ಲ ಎಂದೆ. ಯಾರು ಕಳೆದರು ಎಂದು ಕೇಳಲಿಲ್ಲ. ಕೇಳಿದ್ದರೆ ಏನು ಹೇಳುತ್ತಿದ್ದೆನೋ ಗೊತ್ತಿಲ್ಲ.

ಪುಸ್ತಕದ ಹನ್ನೆರಡನೆಯ ಅಧ್ಯಾಯದಲ್ಲಿ ಈಗ ಆ ಮೂರು ಸಾಲು ಇರುತ್ತವೆ. ನನ್ನ ಭಾಷೆಯಲ್ಲಿ ಬರೆದದ್ದನ್ನು ತೆಗೆದಿದ್ದೇನೆ. ಮಿಲ್ಲಿನ ಹೆಸರು ಆ ಸಾಲುಗಳಲ್ಲಿ ಇಲ್ಲ, ಸಾಹುಕಾರರ ಹೆಸರೂ ಇಲ್ಲ. ನಿನ್ನ ಗೇಟು ತೆರೆದೇ ಇರುತ್ತದೆ. ಓದಲು ಕೊಡು ಎಂದು ಅವರು ಮತ್ತೆ ಕೇಳಿದರೆ ಧೈರ್ಯವಾಗಿ ಕೊಡು. ಓ ಅಂದವನು ಯಾವ ಮಿಲ್ಲಿನೊಳಗೆ ಇದ್ದ ಎಂದು ಅವರೇ ನಿನ್ನನ್ನು ಕೇಳಲಿ.

ಫೈಲನ್ನು ನಿಮ್ಮ ಕರಿ ಪೆಟ್ಟಿಗೆಯಿಂದ ಬಿಡಿಸಿಕೊಂಡು ಬೇರೆ ಕಡೆ ಇಟ್ಟಿದ್ದೇನೆ. ಕಾಲೇಜಿನ ಲೈಬ್ರರಿಯ ಲಲಿತಾಬಾಯಿ ಕೂತು ಜೋಡಿಸಿಕೊಟ್ಟರು. ಎಷ್ಟು ಆವೃತ್ತಿ ಇಡಬೇಕು ಎಂದು ಅದು ಕೇಳಿತು. ಎಲ್ಲವನ್ನೂ, ಯಾವತ್ತಿಗೂ ಎಂಬುದನ್ನು ಒತ್ತಿದೆ. ಅಡಗೂಲಜ್ಜಿಯ ಗಂಟೇ ಆಗಲಿ.

ಅದಾದ ಮೇಲೆ ಮೊದಲು ಮಾಡಿದ ತಿದ್ದುಪಡಿ ಇದು: ಮುನ್ನುಡಿಯ ಕೊನೆಯಲ್ಲಿ, ಈ ಬರಹ ಉಳಿದದ್ದು ನನ್ನ ತಮ್ಮ ವಿಶ್ವಾಸನಿಂದ ಎಂಬ ಸಾಲನ್ನು ಅಳಿಸಿ ಸೇವ್ ಮಾಡಿದೆ. ಅಚ್ಚಾಗುವ ಪುಸ್ತಕದಲ್ಲಿ ಅದು ಇರುವುದಿಲ್ಲ. ಹಿಂದಿನ ಆವೃತ್ತಿಯಲ್ಲಿ ಇದೆ. ಅಲ್ಲಿಂದ ಅದನ್ನು ಇನ್ನು ನಾನೂ ತೆಗೆಯುವುದಿಲ್ಲ.

ಪಂಚಶೀಲಾ